ಮಳಿಗೆಯ ಪಂಚಾಂಗ

ವಾಸದ ಮನೆಗೆ ಮುಪ್ಪು ಬಂದರೆ ಮನೆಯವರಿಗೆ ಒಡನೆಯೇ ತಿಳಿಯುವುದು. ಒಲೆಯ ಮೇಲೆ ನೀರು ತೊಟ್ಟಿಕ್ಕಿದ ದಿವಸವೇ ಗೃಹಿಣಿಯು ಹೇಳುವಳು; ಹೇಳಿದುದನ್ನು ಮಾಡಿಸುವವರೆಗೂ ಹೇಳುತ್ತಲೇ ಇರುವಳು. ಬಾಡಿಗೆಗೆ ಕೊಟ್ಟ ಮಳಿಗೆಗೆ ಈ ಭಾಗ್ಯವಿಲ್ಲ. ಅಂಗಡಿಯವನು “ಕಟ್ಟಡ ಯಜಮಾನರದು” ಎಂದು ಸುಮ್ಮನಿರುವನು. ಯಜಮಾನನು “ಏನಾದರೂ ಇದ್ದರೆ ಅಂಗಡಿಯವನು ಹೇಳುವನು” ಎಂದು ಸುಮ್ಮನಿರುವನು. ಈ ಎರಡು ಮೌನಗಳ ನಡುವೆ ಕಟ್ಟಡವು ಸದ್ದಿಲ್ಲದೆ ಸವೆಯುತ್ತಿರುವುದು. ಇದು ನಾನು ಪುಸ್ತಕ ಓದಿ ಕಲಿತ ಮಾತಲ್ಲ. ತಲೆ ತಗ್ಗಿಸಿ ಕಲಿತುದು.

ನಂಜನಗೂಡಿನಲ್ಲಿ ತೇರು ಹರಿಯುವ ಬೀದಿಯಲ್ಲಿ ನಮ್ಮದೊಂದು ಮಳಿಗೆಯುಂಟು. ತಾತನವರು ಕಟ್ಟಿಸಿದುದು. ಸಾಲಾಗಿ ಐದು ಅಂಗಡಿಗಳು. ಮೇಲೆ ಮದರಾಸು ತಾರಸಿ, ಎಂದರೆ ಮರದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದುದು. ಬಾಡಿಗೆ ಬಂದ ದಿವಸ ತಾಯಿಯವರ ಖರ್ಚಿಗೆಂದು ಒಂದು ಪಾಲನ್ನು ತೆಗೆದಿರಿಸಿ, ಉಳಿದುದನ್ನು ಅಣ್ಣನೂ ನಾನೂ ಹಂಚಿಕೊಳ್ಳುತ್ತಿದ್ದೆವು. ಕಟ್ಟಡಕ್ಕೂ ಒಂದು ಪಾಲು ಸಲ್ಲಬೇಕೆಂಬುದು ನಮಗೆ ಹೊಳೆಯಲೇ ಇಲ್ಲ.

ತಾರಸಿಯ ಮೋಟುಗೋಡೆಯ ಬಿರುಕಿನಲ್ಲಿ ಒಂದು ಅರಳಿಯ ಸಸಿ ಹುಟ್ಟಿದ್ದಿತು. ಹಕ್ಕಿಯು ಹಾಕಿದ ಬೀಜ. ಅದು ಬೆರಳುದ್ದವಿದ್ದಾಗಲೇ ನಾನು ಕಂಡಿದ್ದೆನು. ಅರಳಿಯನ್ನು ಕೀಳಬಾರದೆಂಬ ನಂಬಿಕೆ ಅರ್ಧ, ಏಣಿ ತರಿಸುವ ಸೋಮಾರಿತನ ಅರ್ಧ. ಅಂತೂ ನಾಲ್ಕು ಮಳೆಗಾಲಗಳು ಕಳೆದುವು. ಸಸಿಯು ಕೈಗಾತ್ರವಾಯಿತು. ಬೇರು ಗಾರೆಯೊಳಗೆ ಎಲ್ಲಿಯವರೆಗೆ ಇಳಿಯಿತೆಂಬುದನ್ನು ಕಂಡವರಿಲ್ಲ.

ಮಾರ್ಚ್–ಏಪ್ರಿಲ್ ಸುಮಾರಿಗೆ ನಮ್ಮೂರಿನಲ್ಲಿ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ. ಒಂದರ ಹಿಂದೊಂದು ಐದು ತೇರುಗಳು ಹೊರಡುವುವು. ಬೀದಿಯಲ್ಲಿ ಕಾಲಿಡಲು ತೆರಪಿಲ್ಲದ ಜನರು ಸುತ್ತಲಿನ ತಾರಸಿಗಳನ್ನೆಲ್ಲ ಹತ್ತುವರು. ಆ ವರ್ಷ ತಿರುಮಕೂಡಲು ನರಸೀಪುರದಿಂದ ಅಕ್ಕನ ಮಕ್ಕಳಿಬ್ಬರೂ ಬಂದಿದ್ದರು. ನಾನೇ ಅವರನ್ನು ಎತ್ತಿ ಮೋಟುಗೋಡೆಯ ಮೇಲೆ ಕೂರಿಸಿದೆನು. ಅವರು ಕಾಲುಗಳನ್ನು ಬೀದಿಯ ಕಡೆಗೆ ಇಳಿಬಿಟ್ಟು, ಕಡಲೆಪುರಿ ತಿನ್ನುತ್ತ, ತೇರಿಗೆ ಹಣ್ಣುಜವನ ಎಸೆದು ನಲಿದರು.

ಅದಾಗಿ ನಲವತ್ತು ದಿವಸ ಕಳೆದಿರಬಹುದು. ಬೇಸಿಗೆಯ ಕೊನೆಯ ಗುಡುಗುಮಳೆಯು ಒಂದು ರಾತ್ರಿ ಸುರಿಯಿತು. ಬೆಳಗಾಗುವಷ್ಟರಲ್ಲಿ ಎರಡು ಮಾರು ಉದ್ದದ ಗೋಡೆಯು ಅರಳಿಯ ಗಿಡದೊಡನೆ ಬೀದಿಗೆ ಬಿದ್ದಿದ್ದಿತು. ಮಕ್ಕಳು ಕುಳಿತಿದ್ದ ಜಾಗವೇ ಅದು.

ನಾನು ಓಡಿಹೋದಾಗ, ದಿನವೂ ಆ ಗೋಡೆಯ ಕೆಳಗೆ ಕೂರುತ್ತಿದ್ದ ಹೂವಾಡಗಿತ್ತಿಯು ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಇಟ್ಟಿಗೆಯ ರಾಶಿಯನ್ನು ನೋಡುತ್ತ ನಿಂತಿದ್ದಳು.

“ಮೂರು ತಿಂಗಳಿಂದ ಗಾರೆ ಉದುರುತ್ತಿತ್ತು, ಸ್ವಾಮಿ. ಹೂವಿನ ಮೇಲೆ ಬಟ್ಟೆ ಹೊದಿಸಿ ಕೂರುತ್ತಿದ್ದೆ” ಎಂದಳು.

“ನಮಗೇಕಮ್ಮಾ ಹೇಳಲಿಲ್ಲ?”

“ಹೇಳಿದರೆ ಇಲ್ಲಿಂದ ಎಬ್ಬಿಸಿಬಿಡುತ್ತೀರಿ ಎಂದು ಸುಮ್ಮನಿದ್ದೆ.”

2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಕ್ಕ ಬಿದ್ದಿತು. ಎರಡು ಸಲವೂ ಪತ್ರಿಕೆಯನ್ನು ಓದಿ, ನೋಡಿಕೊಳ್ಳಬೇಕಾದವರ ಅಲಕ್ಷ್ಯವನ್ನು ಹಳಿದವರಲ್ಲಿ ನಾನೂ ಒಬ್ಬನು.

ಗಾರೆಯ ಮೇಸ್ತ್ರಿಯು ಹೇಳಿದ ಖರ್ಚು ಐದು ತಿಂಗಳ ಬಾಡಿಗೆಗೂ ಮೀರಿತ್ತು. ಸಾಲ ಕೇಳುವುದಕ್ಕಾಗಿ ನರಸೀಪುರದ ಭಾವನವರ ಬಳಿಗೆ ಹೋದೆನು. ಅವರದೂ ಅಲ್ಲಿ ನಾಲ್ಕು ಅಂಗಡಿಗಳ ಒಂದು ಕಟ್ಟಡವುಂಟು. ಕಾಫಿ ತಂದಿಟ್ಟ ಅಕ್ಕನು ನನ್ನ ಮಾತನ್ನೆಲ್ಲ ಕೇಳಿ, “ಮಕ್ಕಳನ್ನು ಕೂರಿಸಿದ್ದ ಗೋಡೆಯೇ ಏನೋ?” ಎಂದಳು. ನಾನು ಹೌದೆಂದೆನು. ಅವಳು ಮತ್ತೇನೂ ಹೇಳದೆ ಒಳಕ್ಕೆ ಹೋದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದಿತು.

ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಂಚಾಂಗದ ಪಕ್ಕದಲ್ಲಿದ್ದ ಕೆಂಪು ರಟ್ಟಿನ ಲೆಕ್ಕದ ಪುಸ್ತಕವೊಂದನ್ನು ತೆಗೆದರು. “ಹಣ ಕೊಡುತ್ತೇನೆ, ಬಡ್ಡಿ ಬೇಡ. ಆದರೆ ಏಳುವುದಕ್ಕೆ ಮೊದಲು ಇದನ್ನು ನಕಲು ಮಾಡಿಕೊ. ಇದು ನನ್ನ ಮಳಿಗೆಯ ಪಂಚಾಂಗ. ತಾರೀಖು ಮರೆತುಹೋಗುವುದು, ಹಬ್ಬವನ್ನು ಮರೆಯುವವರಿಲ್ಲ. ಅದಕ್ಕೇ ಒಂದೊಂದು ಕೆಲಸವನ್ನು ಒಂದೊಂದು ಹಬ್ಬಕ್ಕೆ ಕಟ್ಟಿದ್ದೇನೆ” ಎಂದರು.

ಶಿವರಾತ್ರಿಗೆ ಮೋಟುಗೋಡೆ, ಸಜ್ಜೆ, ಮೆಟ್ಟಿಲುಗಳನ್ನು ಕೋಲಿನಿಂದ ತಟ್ಟಿ ನೋಡುವುದು. ಟೊಳ್ಳು ಸದ್ದು ಬಂದರೆ ಗಾರೆಯು ಗೋಡೆಯನ್ನು ಬಿಟ್ಟಿದೆಯೆಂದು ತಿಳಿಯುವುದು. ಯುಗಾದಿಯ ವಾರದಲ್ಲಿ ತಾರಸಿಯನ್ನು ಗುಡಿಸಿ, ನೀರು ಹೋಗುವ ಕೊಳವೆಗಳ ಬಾಯಿ ಬಿಡಿಸಿ, ಸಸಿಗಳನ್ನು ಬೇರುಸಹಿತ ತೆಗೆದು, ಬಿರುಕು ತುಂಬುವುದು. ನಮ್ಮ ಸೀಮೆಯಲ್ಲಿ ಮುಂಗಾರಿಗೆ ಮೊದಲೇ ಗುಡುಗುಮಳೆ ಬರುವುದಾದುದರಿಂದ ಜೂನ್ ತಿಂಗಳವರೆಗೆ ಕಾಯಲಾಗದು. ಹಳೆಯ ಸುಣ್ಣದ ಗಾರೆಗೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟಿನ ತೇಪೆಯು ಅದಕ್ಕಿಂತ ಗಟ್ಟಿಯಾದುದರಿಂದ ಅಂಚಿನಲ್ಲಿ ಬಿಟ್ಟುಕೊಂಡು, ಹಿಂದೆ ನೀರನ್ನು ಹಿಡಿದಿಡುವುದು. ಗೌರೀಹಬ್ಬಕ್ಕೆ ಅಂಗಡಿಗಳ ಒಳಗಣ ಒದ್ದೆಯ ಕಲೆಗಳನ್ನು ನೋಡಿ, ಕಲೆಯ ಅಂಚಿಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯುವುದು. ಮುಂದಿನ ತಿಂಗಳು ಕಲೆಯು ಗೆರೆಯನ್ನು ದಾಟಿದ್ದರೆ ಸೋರಿಕೆಗೆ ಇನ್ನೂ ಜೀವವುಂಟು. ಜಂತೆಗಳಿದ್ದರೆ ಗೋಡೆಯೊಳಗೆ ಹೋಗುವ ಅವುಗಳ ತುದಿಯನ್ನು ತಟ್ಟಿ ಗೆದ್ದಲನ್ನು ಪರೀಕ್ಷಿಸುವುದು. ಆಯುಧಪೂಜೆಗೆ ವಿದ್ಯುತ್ತಿನ ಕೆಲಸದವನನ್ನು ಕರೆಸಿ ಬೋರ್ಡುಗಳನ್ನು ಬಿಗಿ ಮಾಡಿಸುವುದು, ಶಟರುಗಳಿಗೆ ಗ್ರೀಸು, ಬೆಂಕಿ ಆರಿಸುವ ಸಿಲಿಂಡರುಗಳ ತಪಾಸಣೆ. ದೀಪಾವಳಿಗೆ ನೀರಿನ ತೊಟ್ಟಿ ತೊಳೆಸಿ ವರ್ಷದ ಲೆಕ್ಕ ಮುಗಿಸುವುದು.

ಪ್ರತಿಯೊಂದು ಕೆಲಸದ ಮುಂದೆಯೂ ಮೂರು ಮನೆಗಳು: ಯಾರು ಮಾಡಿದರು, ಎಷ್ಟು ಹಿಡಿಯಿತು, ಮಾಡದಿದ್ದರೆ ಏಕೆ. 2019ರ ಆಗಸ್ಟಿನಲ್ಲಿ ಕಪಿಲೆಯು ಉಕ್ಕಿ ತಗ್ಗಿನ ಬೀದಿಗಳಿಗೆ ನುಗ್ಗಿದ ಮೇಲೆ ಬರೆದ ಒಂದು ಸಾಲೂ ಅಲ್ಲಿದ್ದಿತು: “ಮೀಟರಿನ ಬೋರ್ಡನ್ನು ಎದೆಮಟ್ಟಕ್ಕಿಂತ ಮೇಲಕ್ಕೆ ಏರಿಸಿದೆ.”

“ಇದಕ್ಕೆಲ್ಲ ಹಣ?” ಎಂದೆನು.

ಭಾವನವರು ನಕ್ಕರು. “ಆದಾಯ ತೆರಿಗೆಯ ಲೆಕ್ಕದಲ್ಲಿ ಬಾಡಿಗೆಯಿಂದ ಮನೆಗಂದಾಯ ಕಳೆದ ಮೇಲೆ 100ಕ್ಕೆ 30ನ್ನು ಬಿಟ್ಟುಕೊಡುವರಲ್ಲ, ಖರ್ಚು ಮಾಡಿದರೂ ಮಾಡದಿದ್ದರೂ! ಕಟ್ಟಡಕ್ಕೆ ಖರ್ಚಿದೆಯೆಂದು ಸರ್ಕಾರಕ್ಕೇ ಗೊತ್ತು. ನಾವು ಅದನ್ನೂ ಉಂಡುಬಿಡುತ್ತೇವೆ.”

ಊರಿಗೆ ಬಂದು ಪುಸ್ತಕವನ್ನು ತೋರಿಸಿದೆನು. ಅಣ್ಣನು, “ಗೋಡೆ ಕಟ್ಟಿಸಿದರಾಯಿತು, ತಿಂಗಳು ತಿಂಗಳೂ ಹಣ ಎತ್ತಿಡುವುದೇಕೆ? ನನಗೆ ಮಗಳ ಓದಿನ ಖರ್ಚಿದೆ” ಎಂದನು. ಅದು ಸುಳ್ಳಲ್ಲ. ನನಗೆ ಉತ್ತರ ತೋಚಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದ ತಾಯಿಯವರು, “ದುಡಿಯುವುದು ಆ ಕಟ್ಟಡ, ಉಣ್ಣುವವರು ನಾವು ಮೂವರು. ದುಡಿಯುವ ಎತ್ತಿಗೆ ಹುಲ್ಲು ಹಾಕದೆ ಇದುವರೆಗೆ ಉಂಡದ್ದಾಯಿತು. ಮೊದಲು ನನ್ನ ಪಾಲಿನಲ್ಲಿ ಮುರಿದುಕೊಳ್ಳಿ” ಎಂದರು. ಅಣ್ಣನು ಆ ಮೇಲೆ ಮಾತಾಡಲಿಲ್ಲ. ಅಂದಿನಿಂದ ಬಾಡಿಗೆಯಲ್ಲಿ ಹತ್ತರಲ್ಲಿ ಒಂದು ಭಾಗವು ಮಳಿಗೆಯ ಹೆಸರಿನಲ್ಲಿ ಬೇರೆ ಖಾತೆಗೆ ಹೋಗುವುದು. ತಾಯಿಯವರ ಪಾಲನ್ನು ಮಾತ್ರ ಮುಟ್ಟಿಲ್ಲ.

ಮುಂದಿನ ಜಾತ್ರೆಗೆ ಗೋಡೆಯು ಹೊಸದಾಗಿದ್ದಿತು. ಆದರೂ ತಾರಸಿಯ ಬಾಗಿಲಿಗೆ ಬೀಗ ಹಾಕಿದೆನು. ಅಕ್ಕನು ಮಕ್ಕಳನ್ನು ಕಳುಹಿಸಿದಳು. ಅವರು ಅಂಗಡಿಯ ಜಗುಲಿಯ ಮೇಲೆ ನಿಂತು ತೇರು ನೋಡಿದರು.

ವಾಚಕರಲ್ಲಿ ಮಳಿಗೆಯುಳ್ಳವರಿಗೆ ನನ್ನ ವಿಜ್ಞಾಪನೆಯೊಂದೇ: ಕಟ್ಟಡವು ತಾನಾಗಿ ಮಾತನಾಡದು, ಅದರ ಕೆಳಗೆ ಬದುಕುವವರು ಅಂಜಿಕೆಯಿಂದ ಮಾತನಾಡರು, ಆದುದರಿಂದ ಕೇಳುವ ಭಾರವು ನಮ್ಮದು. ಭಾವನವರ ಪುಸ್ತಕಕ್ಕೆ ನಾನು ಸೇರಿಸಿರುವ ಸಾಲು ಒಂದುಂಟು. ಪ್ರತಿ ತಿಂಗಳೂ ಬಾಡಿಗೆಯ ದಿವಸ ಐದು ಅಂಗಡಿಯವರನ್ನೂ ವಿಚಾರಿಸಿ, ಕೊನೆಗೆ ಹೂವಾಡಗಿತ್ತಿಯನ್ನು ಕೇಳುವುದು. ಜಾಗ ಬಿಡಿಸುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಈ ತಿಂಗಳು ಅವಳು, “ಏನೂ ಉದುರಿಲ್ಲ, ಸ್ವಾಮಿ” ಎಂದಳು. ಅದನ್ನೂ ತಾರೀಖಿನೊಡನೆ ಬರೆದಿಟ್ಟೆನು.