ಪಹಣಿಯಲ್ಲಿ ಇಲ್ಲದ ಕಾಲಂ

ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ನಮ್ಮೂರಿನಲ್ಲಿ ನಾನು ಸಣ್ಣವನಿದ್ದಾಗ ಹೊಸ ಮನೆ ಕಟ್ಟುವವರು ಮೊದಲು ಗೌಡರ ಪಡಸಾಲೆಗೆ ಹೋಗಬೇಕಿತ್ತು. ಮಾಲಿ ಪಾಟೀಲ, ಪೊಲೀಸ್ ಪಾಟೀಲ ಎಂಬ ನಿಜಾಮರ ಕಾಲದ ವಂಶಪಾರಂಪರ್ಯ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾಗಿದ್ದವು. ಪಡಸಾಲೆ ಮಾತ್ರ ರದ್ದಾಗಿರಲಿಲ್ಲ. ‘ಅಲ್ಲಿ ಬ್ಯಾಡ, ಹೊಳಿ ಬಂದ್ರ ಅಲ್ಲೀತನಕ ಬರ್ತದ’ ಎಂದು ಮುದುಕರೊಬ್ಬರು ಅಂದರೆ ಮಾತು ಮುಗಿಯಿತು. ಊರು ದಿಬ್ಬದ ಮೇಲೆ, ಅದರ ಕೆಳಗೆ ಯರೆಹೊಲ, ಅದರಾಚೆ ಹೊಳೆ. ಹೊಲದಲ್ಲಿ ಕಣ ಮಾಡುತ್ತಿದ್ದರು, ಮನೆ ಮಾಡುತ್ತಿರಲಿಲ್ಲ.

ಇದನ್ನು ಹಿರಿಯರ ಜಾಣತನವೆಂದು ಹೊಗಳುವವರಿದ್ದಾರೆ. ನಾನು ಅಷ್ಟು ಸಲೀಸಾಗಿ ಒಪ್ಪಲಾರೆ. ದಿಬ್ಬದ ನೆತ್ತಿಯಲ್ಲಿ ಗೌಡರ ವಾಡೆ, ಗುಡಿ. ಇಳಿಜಾರಿನಲ್ಲಿ ಒಕ್ಕಲು ಮನೆಗಳು. ಹಳ್ಳ ಹೊಳೆಗೆ ಸೇರುವ ತಗ್ಗಿನಲ್ಲಿ ದಲಿತರ ಕೇರಿ. ನೀರು ಎಲ್ಲಿಗೆ ಬರುತ್ತದೆಂದು ಊರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವರನ್ನು ಅಲ್ಲಿ ಇಟ್ಟಿತ್ತು. ಹೊಳೆ ಬಂದ ವರ್ಷ ಮೊದಲು ಕುಸಿಯುತ್ತಿದ್ದದ್ದು ಆ ಕೇರಿಯ ಗೋಡೆಗಳು, ಆಮೇಲೆ ವಾಡೆಗೆ ಮಣ್ಣು ಹೊರಲು ಕರೆಯುತ್ತಿದ್ದದ್ದೂ ಅದೇ ಕೇರಿಯವರನ್ನು.

ತಾಯಿಯ ತವರು ಆಳಂದ ತಾಲ್ಲೂಕು. ಅಲ್ಲಿ ಹೊಳೆಯ ಭಯವಿಲ್ಲ. ಮೊಳಕ್ಕೂ ಮಿಕ್ಕ ದಪ್ಪದ ಕಲ್ಲುಗೋಡೆ, ಸಂದಿಯಲ್ಲಿ ಸುಣ್ಣವೂ ಇಲ್ಲದ ಬರೀ ಕೆಸರು, ಮೇಲೆ ತೊಲೆ, ಜಂತಿ, ಕಟ್ಟಿಗೆ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಿರಗಾ ಮಳೆಗೆ ಮೊದಲು ಮಾಳಿಗೆಗೆ ಇನ್ನೊಂದಿಷ್ಟು ಮಣ್ಣು ಹಾಕುತ್ತಿದ್ದರು. ಹಳೆಯದನ್ನು ತೆಗೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಒಳಗೆ ಎಷ್ಟು ತಂಪು ಅಂದರೆ, ಮಧ್ಯಾಹ್ನ ಹೊರಗೆ ಬರಲು ಮನಸ್ಸಾಗುತ್ತಿರಲಿಲ್ಲ. ಮಾಳಿಗೆ ವರ್ಷಕ್ಕಿಷ್ಟು ಭಾರವಾಗುತ್ತಿದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಲೆಕ್ಕ ಸಿಕ್ಕಿದ್ದು 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ. ಗಣಪತಿಯನ್ನು ಕಳಿಸಿ ಜನ ತಡವಾಗಿ ಮಲಗಿದ್ದ ರಾತ್ರಿ. ಆಳಂದದಿಂದ ಬಡಗಣಕ್ಕೆ 50-60 ಕಿ.ಮೀ. ದೂರದ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿ, ಇಂಥವೇ ಮನೆಗಳಡಿ ಸಿಕ್ಕಿ ಆ ಸೀಮೆಯಲ್ಲಿ ಸುಮಾರು 10 ಸಾವಿರ ಮಂದಿ ಸತ್ತರು. ಆಗಿನ ಭೂಕಂಪ ನಕ್ಷೆಯಲ್ಲಿ ಲಾತೂರು ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರಲ್ಲಿ ಆ ವಲಯವನ್ನೇ ಕೈಬಿಟ್ಟು ಲಾತೂರನ್ನು ಮೂರನೆಯದಕ್ಕೆ ಸೇರಿಸಿದರು.

ಮಾವ ಆ ಚಳಿಗಾಲವೇ ಮಾಳಿಗೆ ಇಳಿಸಿ ತಗಡು ಹಾಕಿಸಿದ. ಮುಂದಿನ ಬೇಸಿಗೆಗೆ ಮನೆ ಕಾದ ಹಂಚಾಯಿತು. ಕೆಲ ವರ್ಷಕ್ಕೆ ತಗಡು ಹೋಗಿ ಸ್ಲ್ಯಾಬ್ ಬಂತು. ಅದೇ ಕೆಸರಿನ ಗೋಡೆಯ ಮೇಲೆ, ನಡುವೆ ಕಾಂಕ್ರೀಟಿನ ಪಟ್ಟಿಯಿಲ್ಲದೆ. ಗ್ರಾಮ ಪಂಚಾಯ್ತಿಯ ಪರವಾನಗಿ ಇಲ್ಲದೆ ಕಟ್ಟಡ ಕಟ್ಟಬಾರದೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಪರವಾನಗಿ ಸಿಕ್ಕಿತು. ಚಕ್ಕುಬಂದಿ ನೋಡಿದರು, ಕಂದಾಯದ ಬಾಕಿ ನೋಡಿದರು. ಗೋಡೆ ನೋಡಲು ಯಾರೂ ಬರಲಿಲ್ಲ.

ಭೀಮೆಯ ಕಡೆಯೂ ಹಾಗೆಯೇ. ನಮ್ಮ ಮುದುಕರ ಲೆಕ್ಕ ಮಳೆಯದಾಗಿತ್ತು. 1980ರಲ್ಲಿ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ಮುಗಿದ ಮೇಲೆ ಅದು ಗೇಟಿನ ಲೆಕ್ಕವಾಯಿತು. ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಸೊನ್ನ ಬ್ಯಾರೇಜಿಗೆ ಲಕ್ಷಗಟ್ಟಲೆ ಕ್ಯೂಸೆಕ್ ಬಂದು ನಿಲ್ಲುತ್ತದೆ. 2009, 2020, 2025. 2009ರ ನೆರೆಯ ನಂತರ ‘ಆಸರೆ’ ಮನೆಗಳು ಎತ್ತರದಲ್ಲಿ ಎದ್ದವು. ಎತ್ತಿಗೆ, ಮೇವಿಗೆ ಜಾಗವಿಲ್ಲ, ಹೊಲ ದೂರ. ನಮ್ಮ ಕಡೆ ಕೆಲವರು ಅಲ್ಲಿಗೆ ಹೋದರು, ಕೆಲವರು ಬೀಗ ಹಾಕಿಟ್ಟರು.

ನಾನು ಮಾಸ್ತರಿಕೆ ಮಾಡಿದ ಜೇವರ್ಗಿ ತಾಲ್ಲೂಕಿನ ಶಾಲೆಯ ಗೋಡೆಗೆ 2020ರ ಅಕ್ಟೋಬರಿನ ನೀರು ಕಿಟಕಿಯ ಮಟ್ಟದಲ್ಲಿ ಕಂದು ಗೆರೆ ಎಳೆದಿತ್ತು. ಗೆರೆಯ ಕೆಳಗೆ ಸುಣ್ಣ ಉಬ್ಬಿ ಉದುರುತ್ತಿತ್ತು, ಕಿಟಕಿಯ ಸಂದಿಯಲ್ಲಿ ತೊಗರಿ ಕಟ್ಟಿಗೆ ಸಿಕ್ಕಿಕೊಂಡಿತ್ತು. ಮುಂದಿನ ಆಗಸ್ಟ್ 15ಕ್ಕೆ ಬಣ್ಣ ಬಳಿದೆವು. ಆ ಗೆರೆಯ ಪಕ್ಕ ಒಂದು ತಾರೀಖು ಬರೆದಿಟ್ಟರೆ ನಡೆಯುತ್ತಿತ್ತು. ಯಾವ ಸುತ್ತೋಲೆಯೂ ಅದನ್ನು ಕೇಳಿರಲಿಲ್ಲ.

ಪಹಣಿಯಲ್ಲಿ ಮಣ್ಣಿನ ನಮೂನೆಗೆ ಕಾಲಂ ಇದೆ, ಖರಾಬಿಗೆ ಇದೆ, ಬೆಳೆಗೆ ಇದೆ, ಸಾಲಕ್ಕೂ ಇದೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕಿಲ್ಲ. ಸಾಗುವಳಿ ಜಮೀನನ್ನು ಎನ್.ಎ. (ಕೃಷಿಯೇತರ) ಮಾಡಿಸಲು ಸಾಮಾನ್ಯವಾಗಿ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಅನುಮತಿ ಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಅನ್ನಿಸಿದರೆ ಅವರು ನಿರಾಕರಿಸಬಹುದು. ಹೊಲದಲ್ಲೇ ರೈತ ಕಟ್ಟಿಕೊಳ್ಳುವ ತೋಟದ ಮನೆಗೆ ಆ ಅನುಮತಿಯೂ ಬೇಡ. ನೆರೆಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಎಂದು ಗೆರೆ ಹಾಕುವ ಮಾದರಿ ಮಸೂದೆಯೊಂದನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಕಾಯ್ದೆ ಮಾಡಿದವು. ಅವುಗಳಲ್ಲಿ ನಮ್ಮದಿಲ್ಲ. ಗೌಡರ ಪಡಸಾಲೆ ಹೋದದ್ದಕ್ಕೆ ನನಗೆ ಕಿಂಚಿತ್ತೂ ದುಃಖವಿಲ್ಲ. ಅಲ್ಲಿ ಕೇಳುತ್ತಿದ್ದ ಆ ಒಂದು ಪ್ರಶ್ನೆಯನ್ನು ಕಚೇರಿಯ ಯಾವ ಮೇಜೂ ವಹಿಸಿಕೊಳ್ಳಲಿಲ್ಲ, ಅಷ್ಟೇ ನನ್ನ ತಕರಾರು.

ಈಗಿನ ಸ್ಲ್ಯಾಬ್ ಮನೆಗಳಿಗೆ ಮರಳೂ ಇದೇ ಭೀಮೆಯದು. ರಾತ್ರಿ ಟ್ರ್ಯಾಕ್ಟರುಗಳು ಇಳಿದ ಕಡೆ ದಂಡೆ ಕುಸಿದು ಹೊಲ ಹೊಳೆಗೆ ಹೋಗುತ್ತದೆ. 2023ರ ಜೂನಿನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಂಥದೊಂದು ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೇಬಲ್ ಅದರಡಿಯೇ ಸಿಕ್ಕಿ ಸತ್ತರು.

ಹೋದ ವರ್ಷ ತಂಗಿಯ ಮಗ ಜೇವರ್ಗಿ ಕಡೆ ರಸ್ತೆ ಪಕ್ಕ ಪ್ಲಾಟ್ ಹಿಡಿದ. ಎನ್.ಎ. ಆದೇಶ, ಇ-ಸ್ವತ್ತಿನ ನಮೂನೆ ಎಲ್ಲ ಚೊಕ್ಕ. ಹಿಂದೆ ಒಂದು ಹಳ್ಳ ಇತ್ತಲ್ಲ ಎಂದೆ. ‘ಅದನ್ನ ಯಾರೂ ಕೇಳಿಲ್ಲ ಮಾವಾ, ಬ್ಯಾಂಕಿನವ್ರೂ ಕೇಳಿಲ್ಲ’ ಎಂದ. ಮುರುಮ್ ಹೊಡೆಸಿ ಎರಡು ಅಡಿ ಏರಿಸಿದ್ದಾನೆ. ಪಕ್ಕದವನು ಮೂರು ಅಡಿ ಏರಿಸುವವನಿದ್ದಾನಂತೆ.