ಪುರಸೊತ್ತಾದ ಮೇಲೆ

ನಮ್ಮ ಕಡೆಯ ಹೆಂಗಸರಿಗೆ ಕಾಯಿಲೆಯೇ ಬರುವುದಿಲ್ಲ. ಬರುವುದಕ್ಕೆ ಪುರಸೊತ್ತು ಬೇಕಲ್ಲ! ಗಂಡ ಸೀನಿದರೆ ಕಷಾಯ, ಮಗುವಿನ ಮೈ ಬೆಚ್ಚಗಾದರೆ ಹಣೆಗೆ ಒದ್ದೆ ಬಟ್ಟೆ, ಅತ್ತೆಯ ಮಾತ್ರೆ ಮುಗಿಯುವ ಎರಡು ದಿನ ಮೊದಲೇ ಔಷಧಿ ಅಂಗಡಿಗೆ ಓಟ. ಯಾರಿಗೆ ಯಾವ ಮಾತ್ರೆ ಆಗಿಬರುವುದಿಲ್ಲ, ಯಾರ ಹೊಟ್ಟೆಗೆ ಬದನೆಕಾಯಿ ಒಗ್ಗುವುದಿಲ್ಲ ಎಂಬುದೆಲ್ಲ ನಮಗೆ ಬಾಯಿಪಾಠ. ‘ಅದೆಲ್ಲ ಸರಿ, ನಿಮ್ಮ ಬಿ.ಪಿ. ಎಷ್ಟಿದೆ?’ ಎಂದು ಕೇಳಿ ನೋಡಿ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ. ಪುರಸೊತ್ತಾದ ಮೇಲೆ ಒಂದು ಸಲ ತೋರಿಸಿದರಾಯಿತು’ ಎನ್ನುತ್ತೇವೆ.

ಈ ‘ಪುರಸೊತ್ತಾದ ಮೇಲೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಚಿಕ್ಕಮ್ಮ ನೆನಪಾಗುತ್ತಾಳೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ಅವಳದು. ಬಂದವರಿಗೆ ಬಡಿಸಿ ದಣಿಯದ ಕೈ. ಅವಳಿಗೆ ಐವತ್ತೆಂಟು ವರ್ಷ, ಮುಟ್ಟು ನಿಂತು ಎಂಟು ವರ್ಷವಾಗಿತ್ತು. ಒಂದು ದಿನ ಸೀರೆಯ ಮೇಲೆ ಕಲೆ ಕಂಡಿತಂತೆ. ಉಷ್ಣವಿರಬೇಕೆಂದು ಮಜ್ಜಿಗೆ ಕುಡಿದು ಸುಮ್ಮನಾದಳು. ಮತ್ತೆ ಕಂಡಾಗ, ಅಡಿಕೆ ಕೊಯ್ಲು ಮುಗಿಯಲಿ ಎಂದುಕೊಂಡಳು. ಕೊಯ್ಲು ಮುಗಿಯಿತು. ಮಗನ ಮದುವೆಯೊಂದು ಆಗಲಿ ಎಂದಳು. ಮದುವೆಯೂ ಆಯಿತು. ಹೊಸ ಸೊಸೆಯ ಮೊದಲನೆಯ ಗೌರಿಹಬ್ಬ ಬಂತು, ಬಾಗಿನ ಕೊಡಬೇಕಲ್ಲ! ಅಂತೂ ಒಂದು ವರ್ಷದ ಮೇಲೆ ಶಿವಮೊಗ್ಗದ ನಮ್ಮ ಮನೆಗೆ ಬಂದಾಗ ನಾಲ್ಕು ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದಳು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಮಾತು ಕಡಿಮೆ ಮಾಡಿ, ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಗರ್ಭಕೊರಳಿನ ಕ್ಯಾನ್ಸರ್, ಅಕ್ಕಪಕ್ಕಕ್ಕೂ ಹಬ್ಬಿತ್ತು. ಆಮೇಲೆ ಚಿಕ್ಕಮ್ಮ ಇದ್ದದ್ದು ಹದಿನಾಲ್ಕು ತಿಂಗಳು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಒಮ್ಮೆ ನನ್ನ ಕೈ ಹಿಡಿದುಕೊಂಡು, ‘ಈಗ ನೋಡೇ, ಪುರಸೊತ್ತೇ ಪುರಸೊತ್ತು’ ಎಂದು ನಕ್ಕಳು. ಆ ನಗು ನನಗೆ ಇವತ್ತಿಗೂ ಮರೆತಿಲ್ಲ.

ಹೆಚ್ಚು ನೋವಾದದ್ದು ಆಮೇಲೆ, ಈ ಕಾಯಿಲೆಯ ವಿಷಯ ತಿಳಿದುಕೊಂಡಾಗ. ಇದು ರಾತ್ರಿ ಬೆಳಗಾಗುವುದರೊಳಗೆ ಬರುವಂಥದ್ದಲ್ಲ. ಎಚ್‌ಪಿವಿ ಎಂಬ ವೈರಸ್ಸಿನ ಸೋಂಕು ಹೋಗದೆ ಉಳಿದು, ಜೀವಕೋಶಗಳು ಕೆಟ್ಟು, ಕ್ಯಾನ್ಸರಾಗಿ ಬೆಳೆಯಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ನೋವಿಲ್ಲ, ಸುಸ್ತಿಲ್ಲ. ಆದರೆ ಪರೀಕ್ಷೆ ಮಾಡಿದವರ ಕಣ್ಣಿಗೆ ಅದು ಕಾಣಬಲ್ಲದು. ನ್ಯೂಯಾರ್ಕಿನಲ್ಲಿದ್ದ ಗ್ರೀಕ್ ಮೂಲದ ವೈದ್ಯ ಪಾಪನಿಕೊಲಾವ್ ಕಂಡುಕೊಂಡ ಪ್ಯಾಪ್ ಪರೀಕ್ಷೆಯ ಪುಸ್ತಕ ಬಂದದ್ದೇ 1943ರಲ್ಲಿ. ಆ ಸಂಶೋಧನೆಗೆ ವರ್ಷಗಟ್ಟಲೆ ತನ್ನದೇ ದೇಹದ ಮಾದರಿ ಕೊಟ್ಟವಳು ಅವರ ಹೆಂಡತಿ ಆಂಡ್ರೊಮಾಕಿ. ಪರೀಕ್ಷೆಗೆ ಇಟ್ಟ ಹೆಸರು ಮಾತ್ರ ಗಂಡನದು. ಇರಲಿ, ಅದು ನಮಗೆ ಹೊಸತೇನಲ್ಲ.

ಇದಕ್ಕಿಂತ ಸುಲಭದ ಪರೀಕ್ಷೆಯೂ ಒಂದಿದೆ. ನಾವು ವಿನೆಗರ್ ಎನ್ನುತ್ತೇವಲ್ಲ, ಅದರಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಗರ್ಭಕೊರಳಿಗೆ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಫಲಿತಾಂಶ ಅಲ್ಲೇ ತಿಳಿಯುತ್ತದೆ. ಮುಟ್ಟು ನಿಂತವರಲ್ಲಿ ಇದು ಅಷ್ಟು ಸರಿಯಾಗಿ ಕಾಣದು, ಅವರಿಗೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಮೇಲು. ಕ್ಯಾನ್ಸರಿಗೆ ಮುಂಚಿನ ಹಂತದಲ್ಲೇ ಸಿಕ್ಕಿತೋ, ಆ ಜಾಗವನ್ನಷ್ಟೇ ತಣ್ಣಗಾಗಿಸಿಯೋ ಸುಟ್ಟೋ ತೆಗೆಯಬಹುದು. ಎಷ್ಟೋ ಸಲ ಗರ್ಭಕೋಶ ತೆಗೆಯುವ ಮಾತೇ ಬರುವುದಿಲ್ಲ. 30 ದಾಟಿದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಈ ಪರೀಕ್ಷೆ, ಜೊತೆಗೆ ಸ್ತನ ಹಾಗೂ ಬಾಯಿಯ ತಪಾಸಣೆ, ವರ್ಷಕ್ಕೊಮ್ಮೆ ಬಿ.ಪಿ. ಮತ್ತು ಸಕ್ಕರೆ ನೋಡುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕೊರಳಿನ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದವರೆಲ್ಲ ಪುರಸೊತ್ತಿಗೆ ಕಾಯುತ್ತಿದ್ದಾರೆ.

ಚಿಕ್ಕಮ್ಮ ಹೋದ ವರ್ಷವೇ ನಾವು ನಾಲ್ವರು ಒಂದು ನಿಶ್ಚಯ ಮಾಡಿದೆವು. ನಾನು, ನನ್ನ ಓರಗಿತ್ತಿ, ಎದುರು ಮನೆಯ ಟೀಚರು ಮತ್ತು ಚಿಕ್ಕಮ್ಮನ ಆ ಸೊಸೆ. ಒಬ್ಬೊಬ್ಬರೇ ಹೋಗಲು ನಾಚಿಕೆ, ನಾಲ್ವರು ಸೇರಿದರೆ ಧೈರ್ಯ. ‘ಎಲ್ಲಿಗೆ ಹೊರಟಿರಿ?’ ಎಂದವರಿಗೆ ಟೀಚರು ‘ತಪಾಸಣೆಗೆ’ ಎಂದು ಶಾಲೆಯ ಇನ್‌ಸ್ಪೆಕ್ಟರರ ಗತ್ತಿನಲ್ಲೇ ಹೇಳಿದರು. ಒಳಗೆ ಹೋಗಿ ಬಂದವಳು ‘ಇಷ್ಟೇನಾ? ಇದಕ್ಕಾ ಇಷ್ಟು ವರ್ಷ ಹೆದರಿದ್ದು?’ ಎಂದು ಮುಂದಿನವಳನ್ನು ತಳ್ಳಿದಳು. ಗರ್ಭಕೊರಳಿನ ಪರೀಕ್ಷೆಯಲ್ಲಿ ಯಾರಿಗೂ ತೊಂದರೆ ಕಾಣಲಿಲ್ಲ. ಆದರೆ ಸೊಸೆಯ ರಕ್ತದಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರ ಇತ್ತು. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಮೆಟ್ಟಿಲು ಹತ್ತುವಾಗಿನ ಸುಸ್ತನ್ನು ಆ ಹುಡುಗಿ ಸೋಮಾರಿತನವೆಂದು ತಿಳಿದು ತನ್ನನ್ನೇ ಬೈದುಕೊಳ್ಳುತ್ತಿದ್ದಳಂತೆ! ಗಟ್ಟಿಮುಟ್ಟಾಗಿ ಕಾಣುವ ಓರಗಿತ್ತಿಯ ಬಿ.ಪಿ. 160ರ ಮೇಲೆ 100. ಎರಡನೆಯ ಸಲ, ಮೂರನೆಯ ಸಲ ನೋಡಿದಾಗಲೂ 140ರ ಮೇಲೆ 90ರ ಗಡಿಯೊಳಗೆ ಇಳಿಯಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ. ಬಿ.ಪಿ. ಎಂಬುದು ಬಾಗಿಲು ಬಡಿದು ಬರುವ ನೆಂಟನಲ್ಲ.

ಡಾಕ್ಟರಮ್ಮ ಅವಳಿಗೆ ಮಾತ್ರೆ ಬರೆದು, ‘ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡ್ತೀರಿ?’ ಎಂದು ಕೇಳಿದರು. ನಾವು ನಾಲ್ವರೂ ನಕ್ಕುಬಿಟ್ಟೆವು. ಅವರು ನಗಲಿಲ್ಲ. ಅವಳು ಮಲಗುವುದು ಹನ್ನೊಂದೂವರೆಗೆ, ಏಳುವುದು ನಾಲ್ಕೂವರೆಗೆ. ದೊಡ್ಡವರಿಗೆ ಕಡೇಪಕ್ಷ 7 ಗಂಟೆ ನಿದ್ದೆ ಬೇಕು. ನಿದ್ದೆಯಲ್ಲಿ ರಕ್ತದ ಒತ್ತಡ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯುತ್ತದೆ. ದಿನವಿಡೀ ದುಡಿದ ಹೃದಯಕ್ಕೆ ಅದೇ ಬಿಡುವು. ಆ ಬಿಡುವನ್ನು ವರ್ಷಗಟ್ಟಲೆ ಕಿತ್ತುಕೊಂಡರೆ ಬಿ.ಪಿ., ಸಕ್ಕರೆ, ತೂಕ ಮೂರೂ ಏರುವ ದಾರಿ ಹಿಡಿಯುತ್ತವೆ ಎಂದು ವಿವರಿಸಿದರು. ತಪಾಸಣೆಯಂತೆಯೇ ನಿದ್ದೆಯೂ. ತಪ್ಪಿಸಿದ ದಿನ ಏನೂ ಆಗುವುದಿಲ್ಲ, ಅದಕ್ಕೇ ತಪ್ಪಿಸುವುದು ಅಷ್ಟು ಸುಲಭ.

ಮನೆಗೆ ಬಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಊಟವಾದ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಅವಳು ಮಾಡುವುದಾದರೂ ಏನು? ಹಾಲಿಗೆ ಹೆಪ್ಪು, ನಾಳಿನ ಕಾಳು ನೆನೆಸುವುದು, ಹಿಟ್ಟು ರುಬ್ಬುವುದು, ಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ. ಆಮೇಲೆ ‘ಇದೊಂದೇ ನನ್ನ ಹೊತ್ತು’ ಎಂದು ಮೊಬೈಲು. ಆ ಕೊನೆಯ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹಗಲೆಲ್ಲ ಪರರದಾದರೆ ಹೆಣ್ಣು ತನ್ನ ಹೊತ್ತನ್ನು ನಿದ್ದೆಯಿಂದಲೇ ಕದಿಯಬೇಕಾಗುತ್ತದೆ. ಆದ್ದರಿಂದ ಮೊದಲು ಬದಲಾಗಬೇಕಾದದ್ದು ಮನೆ. ಈಗ ಅಲ್ಲಿ ಕಾಳು ನೆನೆಯುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಇಸ್ತ್ರಿ ಮಕ್ಕಳದೇ. ಹಿಟ್ಟು ರುಬ್ಬುವುದು ಭಾವನವರ ಪಾಲಿಗೆ ಬಂದಿದೆ. ದೋಸೆ ಸ್ವಲ್ಪ ಗಟ್ಟಿ, ಯಾರೂ ಸತ್ತಿಲ್ಲ.

ಉಳಿದದ್ದು ಸಣ್ಣ ಸಂಗತಿಗಳು. ಮೈಯೊಳಗಿನ ಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರಕ್ಕೆ ದಿನವೂ ಒಂದೇ ಹೊತ್ತಿಗೆ ಏಳುವುದು, ಬೆಳಗಿನ ಬಿಸಿಲು ಕಾಣುವುದು ಹಿತ. ರಾತ್ರಿಯ ಬೆಳಕು ಅಹಿತ, ಹಾಗಾಗಿ ಮೊಬೈಲು ಹಾಸಿಗೆಗೆ ಬರಬಾರದು. ಇನ್ನು ನಮ್ಮ ಕಾಫಿ. ಸಂಜೆ ಐದಕ್ಕೆ ಕುಡಿದ ಕಾಫಿಯ ಸತ್ವ ರಾತ್ರಿ ಹತ್ತಕ್ಕೂ ಅರ್ಧದಷ್ಟು ಮೈಯಲ್ಲೇ ಇರಬಹುದು. ಹಾಗಾಗಿ ಮಧ್ಯಾಹ್ನ ದಾಟಿದ ಮೇಲೆ ಡಿಕಾಕ್ಷನ್ನಿಗೆ ಕೈಮುಗಿಯುವುದು ಲೇಸು. ಇಷ್ಟಾದರೂ ನಿದ್ದೆ ಬಾರದಿದ್ದರೆ, ಮುಟ್ಟು ನಿಲ್ಲುವ ಕಾಲದ ಬೆವರು ಎಬ್ಬಿಸುತ್ತಿದ್ದರೆ, ಜೋರು ಗೊರಕೆಯ ಜೊತೆಗೆ ಹಗಲೂ ತೂಕಡಿಕೆ ಬರುತ್ತಿದ್ದರೆ ಡಾಕ್ಟರಿಗೆ ಹೇಳಬೇಕು. ಅದಕ್ಕೂ ಔಷಧವಿದೆ. ಮತ್ತೆ, ಮುಟ್ಟು ನಿಂತ ಮೇಲೆ ಒಂದೇ ಒಂದು ಕಲೆ ಕಂಡರೂ ಆ ವಾರವೇ ಹೊರಡಬೇಕು. ಕೊಯ್ಲು ಕಾಯುತ್ತದೆ, ಹಬ್ಬ ಮತ್ತೆ ಬರುತ್ತದೆ.

ಪುರಸೊತ್ತು ಎಂಬುದು ತಾನಾಗಿ ಆಗುವಂಥದ್ದಲ್ಲ ಕಣ್ರೀ. ಅದನ್ನು ಮಾಡಿಕೊಳ್ಳಬೇಕು, ಕೆಲವು ಸಲ ಕೇಳಿ ಪಡೆಯಬೇಕು, ಕೊಡದಿದ್ದರೆ ಕಿತ್ತುಕೊಳ್ಳಬೇಕು. ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಚೀಟಿ ದುಡ್ಡಿನ ತಾರೀಕು, ನಾದಿನಿಯ ಮಗುವಿನ ಹುಟ್ಟುಹಬ್ಬ ಎಲ್ಲವನ್ನೂ ಬರೆದಿರುತ್ತೀರಿ. ಅಲ್ಲೇ ಒಂದು ಶನಿವಾರಕ್ಕೆ ನಿಮ್ಮ ಹೆಸರೂ ಬರೆದುಕೊಳ್ಳಿ. ಪಕ್ಕದ ಮನೆಯಾಕೆಗೂ ಹೇಳಿ, ಜೊತೆಯಾಗುತ್ತದೆ. ಇವತ್ತು ರಾತ್ರಿ ಮಾತ್ರ ಎರಡು ಪಾತ್ರೆ ತೊಳೆಯದೆ ಉಳಿದರೆ ಉಳಿಯಲಿ, ಹತ್ತಕ್ಕೆ ದೀಪ ಆರಿಸಿ ಮಲಗಿ.