ಆರು ಎಕರೆಯ ಆಕಾಶ

ಬೀರೂರಿನಲ್ಲಿ ರೈಲುದಾರಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ, ಇನ್ನೊಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಎತ್ತ ಹೋಗುವವರಾದರೂ ಸರಿ, ಅಲ್ಲಿ ಬೆಂಚಿನ ಮೇಲೆ ಅಂಗೈ ಬಿಚ್ಚಿ ಕೂತರೆ ನಿಮಿಷಕ್ಕೆ ನೂರರ ಆಸುಪಾಸು ಮ್ಯೂಆನ್ ಎಂಬ ಕಣಗಳು ಆ ಅಂಗೈಯನ್ನು ತೂರಿ ನೆಲಕ್ಕಿಳಿಯುತ್ತವೆ. ಹಗಲು ರಾತ್ರಿ ಎನ್ನದೆ, ಚಾವಣಿ ಇರಲಿ ಬಿಡಲಿ, ಈ ಮಳೆ ನಿಲ್ಲುವುದಿಲ್ಲ.

ಅಜ್ಜಂಪುರದ ನಮ್ಮ ದೊಡ್ಡಪ್ಪನಿಗೆ ಈ ಮಾತು ಹೇಳಿದರೆ ಅವರು ಸುಮ್ಮನೆ ಒಪ್ಪುವವರಲ್ಲ. “ಅಷ್ಟೊಂದು ಬೀಳ್ತವೆ ಅಂತೀಯ, ಒಂದಾದ್ರೂ ಕಣ್ಣಿಗೆ ಬೀಳಬೇಡ್ವೇನೋ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕಾಸ್ಮಿಕ್ ಕಿರಣಗಳ ಬೆನ್ನು ಹತ್ತಿದವರು ನೂರು ವರ್ಷಕ್ಕೂ ಮೇಲೆ ದುಡಿದದ್ದು ಬಹುಮಟ್ಟಿಗೆ ಈ ಪ್ರಶ್ನೆಗೇ. ಕಾಣದ್ದನ್ನು ಎಣಿಸುವ ಉಪಕರಣ ಕಟ್ಟಬೇಕು. ಕಟ್ಟಿದ ಮೇಲೆ ಅದನ್ನು ಎಲ್ಲಿಡಬೇಕು ಎಂದು ಯೋಚಿಸಬೇಕು. ನನಗೆ ಉಪಕರಣಕ್ಕಿಂತ ಈ ಎರಡನೆಯ ಮಾತಿನಲ್ಲೇ ಹೆಚ್ಚು ಆಸಕ್ತಿ. ಅದರಲ್ಲಿ ನಮ್ಮ ನಾಡಿನ ನೆಲಕ್ಕೆ ದೊಡ್ಡ ಪಾಲಿದೆ.

ಹೊರಗಿನ ಆಕಾಶದಿಂದ ಬರುವ ಈ ಕಾಸ್ಮಿಕ್ ಕಿರಣಗಳು ಬಹುಪಾಲು ಪ್ರೋಟಾನುಗಳು. ಅವು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಒಂದು ಹತ್ತಾಗಿ, ಹತ್ತು ಸಾವಿರವಾಗಿ ಕಣಗಳು ಸುರಿಯುತ್ತವೆ. ಆ ಸುರಿಮಳೆಯಲ್ಲಿ ನೆಲದವರೆಗೂ ಬಾಳಿ ಬರುವವರಲ್ಲಿ ಮ್ಯೂಆನ್‌ಗಳೇ ಗಟ್ಟಿಗರು. ಮ್ಯೂಆನ್‌ನ ಆಯಸ್ಸು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲಿಗಿಂತ ಚೂರು ಹೆಚ್ಚು. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಮುಕ್ಕಾಲು ಕಿಲೋಮೀಟರು ದಾಟಲಾಗದು. ಆದರೂ ಹತ್ತು ಹದಿನೈದು ಕಿಲೋಮೀಟರು ಮೇಲೆ ಹುಟ್ಟಿದ್ದು ಬೀರೂರಿನ ಪ್ಲಾಟ್‌ಫಾರಂ ಮುಟ್ಟುತ್ತದೆ. ಅಷ್ಟು ವೇಗದಲ್ಲಿ ಓಡುವುದರ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದಕ್ಕೆ ನಮ್ಮ ಅಂಗೈಯೇ ಸಾಕ್ಷಿ.

ಇದೆಲ್ಲ ಮೇಲಿನಿಂದಲೇ ಬರುತ್ತದೆ ಎಂದು ತೋರಿಸಿದವನು ವಿಕ್ಟರ್ ಹೆಸ್. 1912ರ ಆಗಸ್ಟ್ 7ರಂದು ಬಲೂನು ಹತ್ತಿ ಐದು ಸಾವಿರ ಮೀಟರು ದಾಟಿ ಏರಿದ. ಏರಿದಷ್ಟೂ ವಿಕಿರಣ ಹೆಚ್ಚಿತು. ನೆಲದ ಕಲ್ಲುಮಣ್ಣಿನಿಂದ ಬರುವುದಾಗಿದ್ದರೆ ಕಡಿಮೆಯಾಗಬೇಕಿತ್ತು. 1936ರಲ್ಲಿ ಅವನಿಗೆ ನೊಬೆಲ್ ಬಂತು.

ಬೆಂಗಳೂರಿಗೆ ಈ ವಿದ್ಯೆ ಬಂದದ್ದಕ್ಕೆ ಯುದ್ಧವೂ ಒಂದು ಕಾರಣ. ರಜೆಗೆಂದು ಕೇಂಬ್ರಿಜ್‌ನಿಂದ ಬಂದಿದ್ದ ಹೋಮಿ ಭಾಭಾ 1939ರಲ್ಲಿ ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದರು. ಸಿ.ವಿ. ರಾಮನ್ ಇದ್ದ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಘಟಕ ತೆರೆದರು. 1944ರಲ್ಲಿ ಅಮೆರಿಕದ ಸೇನಾ ವಿಮಾನವೊಂದರಲ್ಲಿ ಗೈಗರ್ ಕೌಂಟರುಗಳನ್ನು ಬೆಂಗಳೂರಿನ ಮೇಲೆ ಮೂವತ್ತು ಸಾವಿರ ಅಡಿಗೆ ಕಳಿಸಿ ಎಣಿಸಿದರು. ಅದಕ್ಕೂ ಮೊದಲು ಅಮೆರಿಕದ ಮಿಲಿಕನ್ ಬಲೂನು ಹಾರಿಸಲು ಇಲ್ಲಿಗೆ ಬಂದಿದ್ದರು. ಕಾರಣ, ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ಮೇಲೆಯೇ ಹಾಯುತ್ತದೆ. ಇಲ್ಲಿ ಭೂಮಿಯ ಕಾಂತಕ್ಷೇತ್ರ ಬಡಪಾಯಿ ಕಣಗಳನ್ನು ಹೊರಗಿನಿಂದಲೇ ತಿರುಗಿಸಿ ಕಳಿಸಿಬಿಡುತ್ತದೆ. ಒಳಗೆ ಬರುವವು ಬಲ ಇದ್ದವು ಮಾತ್ರ. ಬೆಂಗಳೂರಿಗೆ ನಿಜವಾದ ಈ ಮಾತು ಬೀರೂರಿನ ಪಕ್ಕದ ನಮ್ಮ ಕಡೂರಿಗೂ ನಿಜ.

ಇನ್ನು ಕೋಲಾರದ ಕಥೆ. ಕೆಜಿಎಫ್ ಎಂದರೆ ಜನಕ್ಕೆ ಚಿನ್ನ ನೆನಪಾಗುತ್ತದೆ, ಈಚೆಗೆ ಸಿನಿಮಾ. ಆ ಗಣಿಯೊಳಗೆ ನಡೆದ ವಿಜ್ಞಾನ ನಮ್ಮ ಮಕ್ಕಳ ಕಿವಿಗೆ ಬಿದ್ದೇ ಇಲ್ಲ ಎಂಬುದು ನನಗೆ ನಿಜಕ್ಕೂ ಸಂಕಟದ ಸಂಗತಿ. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಹೊಸದರಲ್ಲೇ, ಭಾಭಾ ಅವರ ಮಾತಿನಂತೆ ಗೈಗರ್ ಕೌಂಟರು ಹೊತ್ತು ಆ ಗಣಿಗೆ ಇಳಿದರು. 1951ರ ಮಾತು. ಎಷ್ಟು ಆಳಕ್ಕೆ ಎಷ್ಟು ಮ್ಯೂಆನ್ ಉಳಿಯುತ್ತದೆ ಎಂದು ಅಳೆಯುವ ಕೆಲಸ. ಮುಂದೆ ಅದೇ ಸಂಸ್ಥೆಗೆ ನಿರ್ದೇಶಕರಾದರು. 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅವರ ನಂತರದವರು ಇನ್ನೂ ಕೆಳಗೆ ಹೋದರು. ಎರಡೂವರೆ ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಉಪಕರಣ ಹೂಡಿ ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಆನ್ ಬರಲಿಲ್ಲ. ಮೇಲೆ ಅಂಗೈಗೆ ನಿಮಿಷಕ್ಕೆ ನೂರು. ಕೆಳಗೆ ಅಷ್ಟು ದೊಡ್ಡ ಉಪಕರಣಕ್ಕೆ ತಿಂಗಳೆರಡಾದರೂ ಸೊನ್ನೆ. ಬೇರೆಯವರಾಗಿದ್ದರೆ ಕೆಲಸ ಮುಗಿಯಿತೆಂದು ಎದ್ದು ಬರುತ್ತಿದ್ದರೋ ಏನೋ. ಇವರಿಗೆ ಆ ಸೊನ್ನೆಯೇ ಆಸ್ತಿಯಾಗಿ ಕಂಡಿತು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ಒಂದು ಕಣ ಅಡ್ಡಡ್ಡಲಾಗಿ ಹಾದುಹೋಯಿತೆಂದರೆ ಅದು ಮೇಲಿನಿಂದ ಬಂದದ್ದಲ್ಲ, ಬಂಡೆಯೊಳಗೆ ನ್ಯೂಟ್ರಿನೋ ಎಂಬ ಇನ್ನೊಂದು ಕಣ ಬಡಿದು ಹುಟ್ಟಿದ್ದು. ನ್ಯೂಟ್ರಿನೋಗೆ ಭೂಮಿ ಅಡ್ಡವೇ ಅಲ್ಲ. ಟಾಟಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರಮ್‌ನವರು ಸೇರಿ ಸುಮಾರು 2.3 ಕಿಲೋಮೀಟರು ಆಳದಲ್ಲಿ, ಕಣ ತೂರಿದರೆ ಮಿನುಗುವ ಸಿಂಟಿಲೇಟರುಗಳನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದರು, ಮಲಗಿಸಲಿಲ್ಲ. ಅಡ್ಡ ಬರುವವನನ್ನು ಹಿಡಿಯಲು ಅದೇ ಸರಿಯಾದ ಉಪಾಯ. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಸಿಕ್ಕಿತು. ಲೇಖನ ವಿಜ್ಞಾನ ಪತ್ರಿಕೆಯೊಂದರ ಆಗಸ್ಟ್ 15ರ ಸಂಚಿಕೆಯಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಅದೇ ವರ್ಷ ಸಿಕ್ಕಿತ್ತು, ಅವರ ಲೇಖನ ಎರಡು ವಾರ ತಡವಾಗಿ ಬಂತು. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆ ಸುರಂಗಗಳಲ್ಲಿ ಈಗ ನೀರು.

ದೊಡ್ಡಪ್ಪನಿಗೆ ಗಣಿಯ ಕಥೆಗಿಂತ ಊಟಿಯದ್ದು ಹಿಡಿಸಿತು, ಅವರು ತೋಟದವರಾದ್ದರಿಂದ. ಊಟಿಯಲ್ಲಿ ಟಾಟಾ ಸಂಸ್ಥೆಯ ಗ್ರೇಪ್ಸ್-3 ಎಂಬ ವ್ಯವಸ್ಥೆ ಇದೆ. ಸಮುದ್ರ ಮಟ್ಟದಿಂದ 2200 ಮೀಟರು ಮೇಲೆ ಸುಮಾರು ನಾನೂರು ಸಿಂಟಿಲೇಟರುಗಳು ಇಪ್ಪತ್ತೈದು ಸಾವಿರ ಚದರ ಮೀಟರಿನಲ್ಲಿ ಹರಡಿಕೊಂಡಿವೆ. ನಮ್ಮ ಲೆಕ್ಕದಲ್ಲಿ ಆರು ಎಕರೆಗೆ ಸ್ವಲ್ಪ ಮೇಲೆ. ಒಂದರಿಂದ ಇನ್ನೊಂದಕ್ಕೆ ಎಂಟು ಮೀಟರು, ಅಂದರೆ ಇಪ್ಪತ್ತಾರು ಅಡಿ. ಕಡೂರು ಸೀಮೆಯಲ್ಲಿ ತೆಂಗಿನ ಸಸಿಗೆ ಗುಂಡಿ ತೋಡುವ ಅಂತರ ಸರಿಸುಮಾರು ಅಷ್ಟೇ. ಸಾಲು ಕೂಡ ನೇರವಲ್ಲ, ತ್ರಿಕೋನ ಪದ್ಧತಿಯಲ್ಲಿ ಸಸಿ ಕೂರಿಸಿದಂತೆಯೇ. “ಹಂಗಾದ್ರೆ ನಂದೂ ಒಂದು ಡಿಟೆಕ್ಟರ್ರೇ ಕಣೋ” ಎಂದು ಅವರು ಹಿಗ್ಗಿದರು.

ಒಂದು ಸಿಂಟಿಲೇಟರ್ ಹತ್ತಿರ ಹೋಗಿ ನೋಡೋಣ. ಒಂದು ಮೀಟರು ಅಗಲ, ಅಷ್ಟೇ ಉದ್ದ, ಐದು ಸೆಂಟಿಮೀಟರು ದಪ್ಪದ ಪ್ಲಾಸ್ಟಿಕ್ ಹಲಗೆ. ಅದನ್ನು ಬೆಳಕು ನುಸುಳದ ಅಲ್ಯೂಮಿನಿಯಂ ಗೋಪುರದೊಳಗೆ ಮಲಗಿಸಿದ್ದಾರೆ. ಕಣ ತೂರಿದಾಗ ಹಲಗೆಯಲ್ಲಿ ಮಂದವಾದ ನೀಲಿ ಮಿನುಗು ಏಳುತ್ತದೆ. ಮೇಲೆ ತೂಗುಬಿಟ್ಟ ಫೋಟೋಮಲ್ಟಿಪ್ಲೈಯರ್ ಕೊಳವೆ ಆ ಮಿನುಗನ್ನು ಎಲೆಕ್ಟ್ರಾನುಗಳಾಗಿ ಮಾಡಿ, ಅವನ್ನು ಹಂತಹಂತವಾಗಿ ಲಕ್ಷಗಟ್ಟಲೆ ಹೆಚ್ಚಿಸಿ, ಅಳೆಯಬಹುದಾದ ವಿದ್ಯುತ್ತಿನ ಮಿಡಿತವಾಗಿ ಕೊಡುತ್ತದೆ. ಸುರಿಮಳೆ ತಟ್ಟೆಯ ಹಾಗೆ ಓರೆಯಾಗಿ ಇಳಿದರೆ ತೋಟದ ಒಂದು ಬದಿಯ ಹಲಗೆ ಮೊದಲು ಮಿನುಗುತ್ತದೆ, ಇನ್ನೊಂದು ಬದಿಯದ್ದು ಆಮೇಲೆ. ನಲವತ್ತೈದು ಡಿಗ್ರಿ ಓರೆಯಿದ್ದರೆ ಅಕ್ಕಪಕ್ಕದ ಎರಡಕ್ಕೆ ಇರುವ ವ್ಯತ್ಯಾಸ ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಹತ್ತೊಂಬತ್ತು ಪಾಲು. ಇಷ್ಟು ಸಣ್ಣ ಹಿಂದುಮುಂದಿನಿಂದಲೇ ಆ ಕಣ ಆಕಾಶದ ಯಾವ ದಿಕ್ಕಿನಿಂದ ಬಂತೆಂದು ಹೇಳುತ್ತಾರೆ.

ದಿಕ್ಕು ಗೊತ್ತಾದರೂ ಪ್ರೋಟಾನಿನ ಮಟ್ಟಿಗೆ ಲಾಭ ಕಡಿಮೆ. ಅದಕ್ಕೆ ವಿದ್ಯುದಂಶ ಇದೆ. ನಕ್ಷತ್ರಗಳ ನಡುವಿನ ಕಾಂತಕ್ಷೇತ್ರಗಳು ಅದನ್ನು ಲಕ್ಷಾಂತರ ವರ್ಷ ಅಲೆಸಿ ತಂದಿರುತ್ತವೆ. ಗಾಮಾ ಕಿರಣಕ್ಕೆ ವಿದ್ಯುದಂಶವಿಲ್ಲ, ಹುಟ್ಟಿದ ಮನೆಯಿಂದ ನೆಟ್ಟಗೆ ಬರುತ್ತದೆ. ಕಾಸ್ಮಿಕ್ ಕಿರಣಗಳ ತವರು ಹುಡುಕುವವರು ಗಾಮಾ ಕಿರಣಕ್ಕೆ ಜೋತುಬೀಳುವುದು ಅದಕ್ಕೇ. ಆದರೆ ಸಾವಿರಾರು ಪ್ರೋಟಾನುಗಳ ನಡುವೆ ಗಾಮಾ ಕಿರಣ ಎಲ್ಲೋ ಒಂದು. ಆರಿಸುವುದು ಹೇಗೆ? ಗಾಮಾ ಎಬ್ಬಿಸಿದ ಸುರಿಮಳೆಯಲ್ಲಿ ಮ್ಯೂಆನ್ ತೀರಾ ಕಡಿಮೆ. ಅದಕ್ಕೇ ಊಟಿಯಲ್ಲಿ ಆ ತೋಟದ ಪಕ್ಕ 560 ಚದರ ಮೀಟರಿನ ಮ್ಯೂಆನ್ ದೂರದರ್ಶಕ ಇಟ್ಟಿದ್ದಾರೆ: ಆರು ಮೀಟರು ಉದ್ದದ 3712 ಚೌಕ ಕಬ್ಬಿಣದ ಕೊಳವೆಗಳು, ಮೇಲೆ ದಪ್ಪ ಕಾಂಕ್ರೀಟು. ಮಿಕ್ಕ ಕಣಗಳು ಕಾಂಕ್ರೀಟಿನಲ್ಲೇ ಸೋತು ನಿಲ್ಲುತ್ತವೆ, ಮ್ಯೂಆನ್ ಇಳಿಯುತ್ತದೆ. ಕೋಲಾರದ ಗಣಿಯಲ್ಲಿ ಕಲಿತ ಪಾಠವೇ ಇದು, ಕಲ್ಲಿನ ಬದಲು ಕಾಂಕ್ರೀಟು.

ಈ ಮ್ಯೂಆನ್ ಲೆಕ್ಕದಿಂದ ಬೇರೆ ಬೆಳೆಯೂ ಬಂದಿದೆ. 2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಗುಡುಗಿನ ಮೋಡ ಕವಿದು ಕೆಲವು ನಿಮಿಷ ಮ್ಯೂಆನ್‌ಗಳ ಸಂಖ್ಯೆ ಇಳಿಯಿತು. ಎಷ್ಟು ಇಳಿಯಿತೆಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿ, ಆ ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತೆಂದು 2019ರಲ್ಲಿ ಪ್ರಕಟಿಸಿದರು. ಮುಂಗಾರಿಗೆ ಮುಂಚಿನ ಸಿಡಿಲಿಗೆ ತೆಂಗಿನ ಸುಳಿ ಸುಟ್ಟುಹೋಗುವುದನ್ನು ಕಂಡ ನಮ್ಮ ಸೀಮೆಯವರಿಗೆ ಆ ಅಂಕಿ ಬರೀ ಅಂಕಿಯಾಗಿ ಕೇಳಿಸುವುದಿಲ್ಲ.

ಇಷ್ಟು ಮಾತಾಡಿದ ಮೇಲೆ ದೊಡ್ಡಪ್ಪ ಭದ್ರಾ ಮೇಲ್ದಂಡೆಯ ಸುರಂಗದ ಪ್ರಸ್ತಾಪ ತಂದರು. ತರೀಕೆರೆ ತಾಲ್ಲೂಕಿನಲ್ಲಿ ಭದ್ರೆಯ ನೀರನ್ನು ಪಂಪಿನಿಂದ ಎತ್ತಿ, ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರು ಗುಡ್ಡ ಕೊರೆದು ಬಯಲುಸೀಮೆಗೆ ಹರಿಸುವ ಸುರಂಗ. “ಅದರೊಳಗೆ ನಿನ್ನ ಕಣ ಎಷ್ಟು ಬೀಳ್ತವೆ?” ಎಂದರು. ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಇ.ಪಿ. ಜಾರ್ಜ್ ಎಂಬವರು 1955ರಲ್ಲಿ ಸುರಂಗದೊಳಗೆ ಮ್ಯೂಆನ್ ಎಣಿಸಿ ತಲೆಯ ಮೇಲೆ ಎಷ್ಟು ಕಲ್ಲಿದೆ ಎಂದು ಅಳೆದರು. 2017ರಲ್ಲಿ ಈಜಿಪ್ಟಿನ ಖುಫು ಪಿರಮಿಡ್ಡಿನೊಳಗೆ ಯಾರಿಗೂ ಗೊತ್ತಿರದ ದೊಡ್ಡ ಪೊಳ್ಳು ಇದೆಯೆಂದು ಪತ್ತೆಯಾದದ್ದೂ ಇದೇ ದಾರಿಯಿಂದ.

ನನಗೆ ಒಂದು ಆಸೆ ಇದೆ. ತರೀಕೆರೆಯ ಹೈಸ್ಕೂಲು ಮಕ್ಕಳ ಕೈಗೆ ಎರಡು ಗೈಗರ್ ಕೊಳವೆ ಕೊಡಬೇಕು. ಒಂದರ ಮೇಲೊಂದು ಜೋಡಿಸಿ, ಎರಡರಲ್ಲೂ ಒಟ್ಟಿಗೆ ಮಿಡಿತ ಬಂದರೆ ಮಾತ್ರ ಎಣಿಸುವ ಸರ್ಕ್ಯೂಟ್ ಹಾಕಬೇಕು. ಮಣ್ಣಿನ ವಿಕಿರಣ ಸಾಮಾನ್ಯವಾಗಿ ಒಂದನ್ನಷ್ಟೇ ತಟ್ಟುತ್ತದೆ, ಮ್ಯೂಆನ್ ಎರಡನ್ನೂ ದಾಟುತ್ತದೆ. ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಒಂದು ಗಂಟೆ ಎಣಿಸಲಿ. ಅಲ್ಲಿಂದ ಕೆಮ್ಮಣ್ಣುಗುಂಡಿ, 1434 ಮೀಟರು. ಅಲ್ಲಿ ಒಂದು ಗಂಟೆ, ಎಣಿಕೆ ಏರಲೇಬೇಕು. ಮಾರನೆಯ ದಿನ ನೀರಾವರಿಯವರ ಅನುಮತಿ ಪಡೆದು ಅಜ್ಜಂಪುರದ ಸುರಂಗದ ಬಾಯಿಗೆ, ಸಾಧ್ಯವಾದರೆ ಒಳಗೆ, ಅಲ್ಲಿ ಎಣಿಕೆ ಇಳಿಯಲೇಬೇಕು. ಹೆಸ್ ಬಲೂನಿನಲ್ಲಿ, ಶ್ರೀಕಂಠನ್ ಗಣಿಯಲ್ಲಿ ಮಾಡಿದ್ದನ್ನು ಎರಡು ದಿನದಲ್ಲಿ, ಒಂದೇ ಜಿಲ್ಲೆಯೊಳಗೆ ಮಾಡಿದಂತಾಗುತ್ತದೆ. ದೊಡ್ಡಪ್ಪ ಬುತ್ತಿಯ ಜವಾಬ್ದಾರಿ ಒಪ್ಪಿಕೊಂಡಿದ್ದಾರೆ. ಸುರಂಗದ ಹತ್ತಿರದ ದಿನಕ್ಕೆ ಮೊಸರನ್ನ, ಕೆಮ್ಮಣ್ಣುಗುಂಡಿಯ ಚಳಿಗೆ ಬಿಸಿ ಚಿತ್ರಾನ್ನ ಎಂದು ಈಗಲೇ ನಿಶ್ಚಯಿಸಿದ್ದಾರೆ. ಇನ್ನು ಹುಡುಕಬೇಕಾದದ್ದು ಆ ಎರಡು ಕೊಳವೆಗಳನ್ನು, ಮತ್ತು ಮಕ್ಕಳನ್ನು ಕರೆದುಕೊಂಡು ಹೊರಡುವ ಒಬ್ಬ ವಿಜ್ಞಾನದ ಮೇಷ್ಟ್ರನ್ನು.